ಮೇಷ್ಟರು ತಿದ್ದುತ್ತಾರೆ ಸರಿ, ಓದುತ್ತಾರೆಯೇ?

ಪ್ರೌಢಶಾಲೆಯೊಂದರ ಸ್ಟಾಫ್ ರೂಮಿನ ಮೇಜಿನ ಮೇಲೆ ರಾಶಿ ಬಿದ್ದಿರುವ ನೋಟ್‌ಬುಕ್ಕುಗಳಲ್ಲಿ ಒಂದನ್ನು ಎತ್ತಿ ತೆರೆದರೆ ಸಾಮಾನ್ಯವಾಗಿ ಕಾಣುವುದು ಇಷ್ಟೇ: ಪುಟದುದ್ದಕ್ಕೂ ಎಳೆದ ಕೆಂಪು ರೈಟ್ ಗುರುತು, ಕೆಳಗೆ ಅರ್ಧ ಸಹಿ, ತಾರೀಖು. ಮೇಷ್ಟರು ಉದಾರಿಯಾಗಿದ್ದರೆ ಒಂದು ‘ಗುಡ್’, ಬೇಸರದಲ್ಲಿದ್ದರೆ ‘ಅಕ್ಷರ ದುಂಡಗಿರಲಿ’. ತನ್ನೂರ ಜಾತ್ರೆಯ ಬಗ್ಗೆ ಬರೆದ ಹುಡುಗಿ ತೇರಿನ ಗಾಲಿ ಮುರಿದದ್ದನ್ನೂ ಅಜ್ಜ ಅದನ್ನು ನೋಡಿ ಕಣ್ಣೀರು ಹಾಕಿದ್ದನ್ನೂ ಬರೆದಿದ್ದರೆ ಅದಕ್ಕೆ ಒಂದು ಮಾತೂ ಇರುವುದಿಲ್ಲ. ‘ಜಾತ್ರೆ’ಯ ಒತ್ತು ತಪ್ಪಿದ್ದಕ್ಕೆ ಮಾತ್ರ ಸುತ್ತು ಬಿದ್ದಿರುತ್ತದೆ.

ಇದಕ್ಕೆ ಮೇಷ್ಟರನ್ನು ಬೈದು ಪ್ರಯೋಜನವಿಲ್ಲ. ಮಕ್ಕಳ ಬರಹ ಓದಿ ಅದಕ್ಕೆ ಷರಾ ಬರೆಯುವುದು ಹೇಗೆಂದು ಅವರಿಗೂ ಯಾರೂ ಹೇಳಿಕೊಟ್ಟಿರುವುದಿಲ್ಲ. ಬಿ.ಎಡ್. ಪ್ರಶಿಕ್ಷಣಾರ್ಥಿಗಳು ಸೂಕ್ಷ್ಮ ಬೋಧನೆಯಲ್ಲಿ ಪ್ರಶ್ನೆ ಕೇಳುವ ಕೌಶಲ, ವಿವರಣೆಯ ಕೌಶಲ, ಕಪ್ಪುಹಲಗೆಯ ಕೌಶಲ ಎಂದು ಒಂದೊಂದನ್ನೇ ಬಿಡಿಸಿ ಅಭ್ಯಾಸ ಮಾಡುತ್ತಾರೆ. 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಈ ವಿಧಾನ ನಮ್ಮ ಶಿಕ್ಷಕರ ತರಬೇತಿಯಲ್ಲಿ ಗಟ್ಟಿಯಾಗಿ ಬೇರು ಬಿಟ್ಟಿದೆ. ಆದರೆ ಅದರಲ್ಲಿ ಬರುವ ಕೌಶಲಗಳೆಲ್ಲ ಹೆಚ್ಚುಕಡಿಮೆ ತರಗತಿಯ ಎದುರು ನಿಂತು ಮಾತಾಡುವವರಿಗೆ ಬೇಕಾದವು. ಮಗು ಬರೆದದ್ದನ್ನು ಕೂತು ಓದುವವರಿಗೆ ಏನು ಬೇಕು ಎಂಬುದು ಆ ಪಟ್ಟಿಗೆ ಸೇರಲೇ ಇಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರವೇ ನಲವತ್ತು ಪುಸ್ತಕಗಳ ಕಟ್ಟು ಕೈಗೆ ಬಂದಾಗ ಹೊಸ ಶಿಕ್ಷಕಿ ಮಾಡುವುದು, ತಾನು ಶಾಲೆಯಲ್ಲಿದ್ದಾಗ ತನ್ನ ಪುಸ್ತಕಕ್ಕೆ ಏನಾಗುತ್ತಿತ್ತೋ ಅದನ್ನೇ.

ಷರಾ ಬರೆಯುವುದರಿಂದ ನಿಜಕ್ಕೂ ಏನಾದರೂ ಆಗುತ್ತದೆಯೇ? ಈ ಪ್ರಶ್ನೆಯನ್ನು ಪ್ರಯೋಗಕ್ಕೆ ಒಡ್ಡಿದ ಮೊದಲಿಗರಲ್ಲಿ ಅಮೆರಿಕದ ಎಲ್ಲಿಸ್ ಪೇಜ್ ಒಬ್ಬರು. 1958ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ 74 ಶಿಕ್ಷಕರು ಮತ್ತು ಎರಡು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದರು. ಒಂದು ಗುಂಪಿನ ಉತ್ತರಪತ್ರಿಕೆಗೆ ಬರೀ ಅಂಕ ಮತ್ತು ಗ್ರೇಡು. ಎರಡನೆಯದಕ್ಕೆ ಆಯಾ ಗ್ರೇಡಿಗೆಂದು ಮೊದಲೇ ಗೊತ್ತುಮಾಡಿಟ್ಟ ಒಂದು ಮೆಚ್ಚುಗೆಯ ಅಥವಾ ಹುರಿದುಂಬಿಸುವ ವಾಕ್ಯ. ಮೂರನೆಯದಕ್ಕೆ, ಆ ವಿದ್ಯಾರ್ಥಿಗೆ ಏನು ಹೇಳಬೇಕೆಂದು ಶಿಕ್ಷಕರಿಗೆ ಅನ್ನಿಸುತ್ತದೋ ಅದು. ಮುಂದಿನ ಪರೀಕ್ಷೆಯಲ್ಲಿ ಮೂರನೆಯ ಗುಂಪು ಮುಂದಿತ್ತು, ಬರೀ ಅಂಕ ಪಡೆದವರು ಹಿಂದಿದ್ದರು. ಅನಂತರ ಬೇರೆಯವರು ಇದೇ ಪ್ರಯೋಗ ಮಾಡಿದಾಗ ಫಲಿತಾಂಶ ಇಷ್ಟು ಗಟ್ಟಿಯಾಗಿ ಬರಲಿಲ್ಲ. ಆದರೂ ತರಬೇತಿ ಪುಸ್ತಕಗಳಲ್ಲಿ ಪೇಜ್ ಹೆಸರು ಉಳಿಯಿತು.

ಮೂವತ್ತು ವರ್ಷದ ನಂತರ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ರೂತ್ ಬಟ್ಲರ್ ಈ ಕಥೆಗೆ ಒಂದು ತಿರುವು ಕೊಟ್ಟರು. ಐದು, ಆರನೆಯ ತರಗತಿಯ ಮಕ್ಕಳಲ್ಲಿ ಕೆಲವರಿಗೆ ಅಂಕ ಮಾತ್ರ, ಕೆಲವರಿಗೆ ಷರಾ ಮಾತ್ರ, ಕೆಲವರಿಗೆ ಎರಡೂ. ಎರಡೂ ಸಿಕ್ಕವರಿಗೆ ಎರಡರ ಲಾಭವೂ ಆಗಬೇಕೆಂದು ಯಾರಾದರೂ ಅಂದುಕೊಳ್ಳುತ್ತಾರೆ. ಹಾಗಾಗಲಿಲ್ಲ. ಷರಾ ಮಾತ್ರ ಪಡೆದವರ ಆಸಕ್ತಿಯೂ ಕೆಲಸವೂ ಮೇಲೇರಿತು. ಜೊತೆಗೆ ಅಂಕವೂ ಇದ್ದವರ ಸ್ಥಿತಿ ಹೆಚ್ಚುಕಡಿಮೆ ಬರೀ ಅಂಕ ಪಡೆದವರಂತೆಯೇ ಇತ್ತು. ಹತ್ತಕ್ಕೆ ಏಳೋ ಎಂಟೋ ಎಂದು ನೋಡಿದ ಕಣ್ಣು ಕೆಳಗಿನ ಸಾಲಿಗೆ ಇಳಿಯುವುದಿಲ್ಲ. ಪಕ್ಕದವನಿಗೆ ಎಷ್ಟು ಬಂತು ಎಂದು ನೋಡುವ ಕಡೆ ಅದು ಹೊರಳುತ್ತದೆ. ಪರೀಕ್ಷೆಯ ಪೇಪರು ಹಂಚಿದ ದಿನ ಯಾವುದೇ ತರಗತಿಗೆ ಹೋಗಿ ನಿಂತರೂ ಇದು ಕಾಣುತ್ತದೆ.

1996ರಲ್ಲಿ ಅವ್ರಹಾಂ ಕ್ಲೂಗರ್ ಮತ್ತು ಆಂಜೆಲೊ ಡಿನಿಸಿ ಅಲ್ಲಿಯವರೆಗೆ ನಡೆದ ಇಂಥ ಅಧ್ಯಯನಗಳನ್ನೆಲ್ಲ ಗುಡ್ಡೆ ಹಾಕಿ 600ಕ್ಕೂ ಹೆಚ್ಚು ಫಲಿತಾಂಶಗಳ ಲೆಕ್ಕ ತೆಗೆದರು. ಸರಾಸರಿಯಲ್ಲಿ ಹಿಮ್ಮಾಹಿತಿಯಿಂದ ಲಾಭವೇ ಇತ್ತು. ಆದರೆ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಕಡೆ ಹಿಮ್ಮಾಹಿತಿ ಸಿಕ್ಕವರು ಮೊದಲಿಗಿಂತ ಹಿಂದೆ ಬಿದ್ದಿದ್ದರು. ಮಾತು ಮಾಡಿದ ಕೆಲಸದಿಂದ ಸರಿದು ಮಾಡಿದವರ ಮೇಲೆ ಹೋದಷ್ಟೂ ಅದರ ಗುಣ ಕುಗ್ಗುತ್ತದೆ ಎಂಬುದು ಅವರ ವಿವರಣೆ. ‘ದಡ್ಡ’ ಎಂಬ ಬೈಗುಳಕ್ಕೆ ಮಾತ್ರವಲ್ಲ, ‘ಜಾಣ’ ಎಂಬ ಹೊಗಳಿಕೆಗೂ ಈ ಮಾತು ಅನ್ವಯಿಸುತ್ತದೆ. ಎರಡು ವರ್ಷದ ಬಳಿಕ ಕ್ಲೌಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ ನಡೆಸಿದ ಪ್ರಯೋಗಗಳಲ್ಲಿ ಬುದ್ಧಿಗಾಗಿ ಹೊಗಳಿಸಿಕೊಂಡ ಮಕ್ಕಳು ಮುಂದಿನ ಕಷ್ಟದ ಸಮಸ್ಯೆ ಬಿಡಿಸಲಾಗದಿದ್ದಾಗ ಬೇಗ ಕೈಚೆಲ್ಲಿದರು. ಶ್ರಮಕ್ಕಾಗಿ ಹೊಗಳಿಸಿಕೊಂಡವರು ಪಟ್ಟು ಹಿಡಿದರು.

ಇಷ್ಟೂ ಮನೋವಿಜ್ಞಾನಿಗಳ ಲೆಕ್ಕ. ಶಿಕ್ಷಕರು ಪುಟದ ಅಂಚಿನಲ್ಲಿ ಏನು ಬರೆಯುತ್ತಾರೆ ಎಂದು ಹತ್ತಿರದಿಂದ ನೋಡಿದವರು ಬೇರೆ. 1982ರಲ್ಲಿ ನ್ಯಾನ್ಸಿ ಸೊಮ್ಮರ್ಸ್, ತಮ್ಮ ಸಹೋದ್ಯೋಗಿಗಳ ಜೊತೆ 35 ಅಧ್ಯಾಪಕರ ಷರಾಗಳನ್ನು ಪರಿಶೀಲಿಸಿ ಬರೆದ ಲೇಖನ ಇವತ್ತಿಗೂ ಚುರುಕಾಗಿ ಕುಟುಕುತ್ತದೆ. ಒಂದೇ ಪ್ಯಾರಾದ ಒಂದು ವಾಕ್ಯಕ್ಕೆ ‘ಅಲ್ಪವಿರಾಮ ಸರಿಮಾಡು’ ಎಂದಿರುತ್ತದೆ, ಪಕ್ಕದಲ್ಲೇ ‘ಈ ಪ್ಯಾರಾ ಇನ್ನೂ ಬೆಳೆಸಬೇಕು’ ಎಂದೂ ಇರುತ್ತದೆ. ವಾಕ್ಯವನ್ನು ತಿದ್ದಬೇಕೋ, ಪ್ಯಾರಾ ಒಡೆದು ಮತ್ತೆ ಬರೆಯಬೇಕೋ? ಗೊಂದಲಕ್ಕೆ ಬಿದ್ದ ವಿದ್ಯಾರ್ಥಿ ಸುಲಭದ್ದನ್ನು ಆರಿಸಿಕೊಂಡು ಅಲ್ಪವಿರಾಮ ಹಾಕಿ ಮುಗಿಸುತ್ತಾನೆ. ಇನ್ನೊಂದು, ಬಹುಪಾಲು ಷರಾಗಳನ್ನು ಒಂದು ಪ್ರಬಂಧದಿಂದ ಕಿತ್ತು ಇನ್ನೊಂದಕ್ಕೆ ಅಂಟಿಸಿದರೂ ವ್ಯತ್ಯಾಸ ತಿಳಿಯುವಂತಿರಲಿಲ್ಲ. ‘ಸ್ಪಷ್ಟವಾಗಿ ಬರೆ’, ‘ಉದಾಹರಣೆ ಕೊಡು’: ಇವು ರಬ್ಬರ್ ಸ್ಟಾಂಪಿನಲ್ಲಿ ಕೆತ್ತಿಸಿಡಬಹುದಾದ ಮಾತುಗಳು. ಸೊಮ್ಮರ್ಸ್ ಎತ್ತಿದ ಮೂರನೆಯ ಆಕ್ಷೇಪ ಇವಕ್ಕಿಂತ ಗಂಭೀರವಾದದ್ದು. ಷರಾಗಳು ವಿದ್ಯಾರ್ಥಿ ಹೇಳಹೊರಟದ್ದನ್ನು ಬದಿಗೆ ಸರಿಸಿ, ಅಧ್ಯಾಪಕರು ತಾವೇ ಬರೆದಿದ್ದರೆ ಏನು ಹೇಳುತ್ತಿದ್ದರೋ ಅದರ ಕಡೆಗೆ ಬರಹವನ್ನು ಎಳೆದೊಯ್ಯುತ್ತವೆ.

ತಪ್ಪುಗಳ ವಿಷಯಕ್ಕೆ ಬಂದರೆ, ಈ ಕ್ಷೇತ್ರದಲ್ಲಿ ಮೀನಾ ಶಾಗ್ನೆಸಿ ಅವರನ್ನು ದಾಟಿ ಹೋಗುವಂತಿಲ್ಲ. 1970ರಲ್ಲಿ ನ್ಯೂಯಾರ್ಕಿನ ಸಿಟಿ ಕಾಲೇಜು ತನ್ನ ಬಾಗಿಲನ್ನು ನಗರದ ಶಾಲೆಗಳಿಂದ ಬಂದ ಎಲ್ಲರಿಗೂ ತೆರೆಯಿತು. ಬಡವರ, ವಲಸಿಗರ, ಕಪ್ಪುಜನರ ಮಕ್ಕಳು ಬಂದರು. ಅವರ ಪ್ರಬಂಧ ನೋಡಿದ ಅನೇಕ ಅಧ್ಯಾಪಕರು ಇವರಿಗೆ ಕಲಿಸುವುದು ಸಾಧ್ಯವೇ ಇಲ್ಲವೆಂದು ಕೈಚೆಲ್ಲಿದರು. ಶಾಗ್ನೆಸಿ ಅಂಥ ಸುಮಾರು 4000 ಪ್ರಬಂಧಗಳನ್ನು ಕೂತು ಓದಿದರು. 1977ರಲ್ಲಿ ಬಂದ ಅವರ ಪುಸ್ತಕದ ವಾದ ಸರಳ: ಈ ತಪ್ಪುಗಳು ಸೋಮಾರಿತನದ ಫಲವಲ್ಲ. ಪ್ರತಿ ತಪ್ಪಿನ ಹಿಂದೆ ಒಂದು ತರ್ಕವಿದೆ. ಬರೆಯುವವರು ತಮಗೆ ತಿಳಿದಷ್ಟರಲ್ಲಿ ಒಂದು ನಿಯಮವನ್ನು ಕಟ್ಟಿಕೊಂಡಿರುತ್ತಾರೆ. ಆ ನಿಯಮ ಯಾವುದೆಂದು ಓದುವವರು ಹುಡುಕಬೇಕು.

ಈ ಮಾತು ಕನ್ನಡದ ತರಗತಿಗೆ ಹೊಂದಿಕೊಳ್ಳುವಷ್ಟು ಬೇರೆಲ್ಲೂ ಹೊಂದಿಕೊಳ್ಳಲಿಕ್ಕಿಲ್ಲ. ಮಂಡ್ಯ, ಮೈಸೂರು ಕಡೆಯ ಹಳ್ಳಿಯ ಹುಡುಗ ‘ಹೆಸರು’ ಬರೆಯಬೇಕಾದ ಕಡೆ ‘ಎಸರು’ ಎಂದು ಬರೆಯುತ್ತಾನೆ, ಮನೆಯಲ್ಲಿ ಅವನು ಕೇಳುವುದು ಹಾಗೆ. ಮೇಷ್ಟರು ನಾಲ್ಕು ಸಲ ಸುತ್ತು ಹಾಕುತ್ತಾರೆ. ಐದನೆಯ ಸಲ ಅವನು ‘ಆನೆ’ಯನ್ನು ‘ಹಾನೆ’ ಎಂದು ಬರೆದು ತರುತ್ತಾನೆ. ಇದು ಮೊದಲಿನದಕ್ಕಿಂತ ದೊಡ್ಡ ತಪ್ಪಿನಂತೆ ಕಂಡರೂ ಹುಡುಗ ಕಲಿಯುತ್ತಿದ್ದಾನೆ ಎನ್ನಲು ಅದೇ ಸಾಕ್ಷಿ. ಬಾಯಲ್ಲಿ ಬರುವುದಕ್ಕೂ ಪುಸ್ತಕದಲ್ಲಿ ಇರುವುದಕ್ಕೂ ‘ಹ’ಕಾರದ ವ್ಯತ್ಯಾಸವಿದೆ ಎಂದು ಅವನಿಗೆ ಹೊಳೆದಿದೆ. ಎಲ್ಲಿ ಸೇರಿಸಬೇಕು, ಎಲ್ಲಿ ಬೇಡ ಎಂಬುದಷ್ಟೇ ಬಾಕಿ. ಕೋಲಾರದ ಕಡೆ ಮನೆಯಲ್ಲಿ ತೆಲುಗು ಆಡುವ ಮಗು ‘ಅಕ್ಕ ಬಂತು’ ಎಂದು ಬರೆದರೆ, ತೆಲುಗಿನಲ್ಲಿ ಏಕವಚನದ ಸ್ತ್ರೀಲಿಂಗಕ್ಕೂ ನಪುಂಸಕಕ್ಕೂ ಕ್ರಿಯಾಪದದ ರೂಪ ಒಂದೇ ಎಂಬುದು ಮೇಷ್ಟರಿಗೆ ತಿಳಿದಿರಬೇಕು. ಅದೇ ವಾಕ್ಯವನ್ನು ಹವ್ಯಕರ ಮನೆಯ ಮಗು ಬರೆದರೆ ಕಾರಣ ಬೇರೆ, ಅದು ಆ ಮನೆಯ ಕನ್ನಡವೇ. ಉರ್ದು ಮನೆಮಾತಿನ ಹುಡುಗಿ ‘ಬಸ್ಸು ಬಂದಳು’ ಎಂದರೆ ಅವಳ ಭಾಷೆಯಲ್ಲಿ ಬಸ್ಸು ಹೆಣ್ಣು. ಬಾಗಲಕೋಟೆಯ ಮಗು ‘ಅಪ್ಪ ಹೊಲಕ್ಕ ಹೋಗ್ಯಾನ’ ಎಂದು ಬರೆದರೆ ಅಲ್ಲಿ ತಪ್ಪೇ ಇಲ್ಲ. ಅದು ಪಠ್ಯಪುಸ್ತಕದ ಕನ್ನಡವಲ್ಲ, ಅಷ್ಟೇ.

ಇನ್ನು ಅಲ್ಪಪ್ರಾಣ, ಮಹಾಪ್ರಾಣ. ‘ಭೂಮಿ’ಗೆ ‘ಬೂಮಿ’, ‘ಧನ’ಕ್ಕೆ ‘ದನ’ ಬರೆದದ್ದಕ್ಕೆ ಬಿದ್ದ ಕೆಂಪು ಸುತ್ತುಗಳನ್ನು ಎಣಿಸುತ್ತ ಹೋದರೆ ರಾಜ್ಯದ ಕೆಂಪು ಶಾಯಿಯ ದೊಡ್ಡ ಪಾಲು ಇಲ್ಲೇ ಖರ್ಚಾಗುತ್ತಿರಬಹುದು. ಬಹುಪಾಲು ಕನ್ನಡಿಗರ ಮಾತಿನಲ್ಲಿ ಮಹಾಪ್ರಾಣ ಇಲ್ಲ, ಆದ್ದರಿಂದ ಬರಹಕ್ಕೂ ಬೇಡ ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ವಾದಿಸಿದರು. ಅದನ್ನು ಒಪ್ಪದವರೇ ಹೆಚ್ಚು. ಶಾಲೆಯ ಮೇಷ್ಟರು ಆ ಜಗಳವನ್ನು ತೀರ್ಮಾನಿಸಬೇಕಾಗಿಲ್ಲ. ಕೇಳಿಸದ ಅಕ್ಷರವನ್ನು ಮಗು ಕಣ್ಣಿನ ನೆನಪಿನಿಂದಲೇ ಕಲಿಯಬೇಕು, ಅದಕ್ಕೆ ಬೇಕಾದದ್ದು ಸುತ್ತಲ್ಲ, ಹೆಚ್ಚು ಓದು ಎಂದು ತಿಳಿದರೆ ಸಾಕು.

ಹಾಗಾದರೆ ತಪ್ಪು ತಿದ್ದಲೇಬಾರದೆ? ಈ ಪ್ರಶ್ನೆಯ ಮೇಲೆ ವಿದ್ವಾಂಸರು ಕೈಕೈ ಮಿಲಾಯಿಸುವುದೊಂದು ಬಾಕಿ. ಎರಡನೆಯ ಭಾಷೆಯಲ್ಲಿ ಬರೆಯುವವರ ವ್ಯಾಕರಣ ತಿದ್ದುವುದರಿಂದ ಪ್ರಯೋಜನವಿಲ್ಲ, ತೊಂದರೆಯೇ ಹೆಚ್ಚು, ಆ ಪದ್ಧತಿ ನಿಲ್ಲಬೇಕು ಎಂದು ಜಾನ್ ಟ್ರಸ್ಕಾಟ್ 1996ರಲ್ಲಿ ಬರೆದರು. ಡೇನಾ ಫೆರಿಸ್ 1999ರಲ್ಲಿ ಅದಕ್ಕೆ ಉತ್ತರ ಕೊಟ್ಟರು. ಜಗಳ ವರ್ಷಗಟ್ಟಲೆ ನಡೆಯಿತು. ನಂತರದ ಪ್ರಯೋಗಗಳು ಹೆಚ್ಚಾಗಿ ವಾಲಿದ್ದು ನಡುದಾರಿಯ ಕಡೆಗೆ: ಕಂಡದ್ದನ್ನೆಲ್ಲ ತಿದ್ದಬೇಡಿ, ಒಂದೆರಡು ಬಗೆಯ ತಪ್ಪನ್ನು ಆರಿಸಿ ಅದರ ಬೆನ್ನು ಹತ್ತಿ. ಲಾಸ್ ಏಂಜಲಿಸ್‌ನ ಆರನೆಯ ತರಗತಿಯ ಶಿಕ್ಷಕಿ ಲೆಸ್ಲೀ ರೀಡ್ ಇದಕ್ಕೂ ಮೊದಲೇ ಇನ್ನೊಂದು ದಾರಿ ಹಿಡಿದಿದ್ದರು. ಪ್ರತಿ ಮಗುವಿನೊಂದಿಗೆ ಒಂದು ಪುಸ್ತಕದಲ್ಲಿ ದಿನವೂ ಅವರದು ಬರಹದ ಮಾತುಕತೆ. ಮಗು ಬರೆದ ತಪ್ಪಿಗೆ ಗುರುತು ಹಾಕುತ್ತಿರಲಿಲ್ಲ. ಅದೇ ಮಾತನ್ನು ತಮ್ಮ ಉತ್ತರದಲ್ಲಿ ಸರಿಯಾಗಿ ಬಳಸುತ್ತಿದ್ದರು. 1980ರ ದಶಕದಲ್ಲಿ ಜಾನಾ ಸ್ಟೇಟನ್ ಮತ್ತು ಸಂಗಡಿಗರು ಈ ಪುಸ್ತಕಗಳನ್ನು ಅಧ್ಯಯನ ಮಾಡಿದ ಮೇಲೆ ಈ ಪದ್ಧತಿ ಬೇರೆ ಬೇರೆ ಊರಿನ ಶಾಲೆಗಳಿಗೆ ಹರಡಿತು.

ಷರಾ ನಾಟುವುದು ಅದರ ಹಿಂದಿನ ಮನಸ್ಸನ್ನು ಮಗು ಹೇಗೆ ಊಹಿಸುತ್ತದೆ ಎಂಬುದರ ಮೇಲೆ ನಿಂತಿದೆ. 2014ರಲ್ಲಿ ಪ್ರಕಟವಾದ ಡೇವಿಡ್ ಯೇಗರ್ ಮತ್ತು ಜೆಫ್ರಿ ಕೋಹೆನ್ ಅವರ ಅಧ್ಯಯನದಲ್ಲಿ ಅಮೆರಿಕದ ಏಳನೆಯ ತರಗತಿಯ ಮಕ್ಕಳು ತಮ್ಮ ಆದರ್ಶ ವ್ಯಕ್ತಿಯ ಬಗ್ಗೆ ಪ್ರಬಂಧ ಬರೆದರು. ಶಿಕ್ಷಕರು ಎಂದಿನಂತೆ ಟೀಕೆ ಬರೆದರು. ಆಮೇಲೆ ಅರ್ಧ ಮಕ್ಕಳ ಪ್ರಬಂಧಕ್ಕೆ, ನಿನ್ನಿಂದ ಹೆಚ್ಚಿನದನ್ನು ನಿರೀಕ್ಷಿಸುತ್ತೇನೆ, ನೀನು ಅಲ್ಲಿಗೆ ತಲುಪಬಲ್ಲೆ, ಅದಕ್ಕೇ ಇಷ್ಟು ಬರೆದಿದ್ದೇನೆ ಎಂಬ ಅರ್ಥದ ಒಂದು ಚೀಟಿ ಅಂಟಿಸಲಾಯಿತು. ಉಳಿದವರದಕ್ಕೆ ಒಂದು ಸಪ್ಪೆ ಚೀಟಿ. ಕಪ್ಪು ಮಕ್ಕಳಲ್ಲಿ ಪ್ರಬಂಧವನ್ನು ತಿದ್ದಿ ಮತ್ತೆ ಬರೆದು ತಂದವರ ಪ್ರಮಾಣ ಶೇ 17ರಿಂದ ಶೇ 70ಕ್ಕೂ ಮೇಲಕ್ಕೆ ಹೋಯಿತು. ಪ್ರಯೋಗದಲ್ಲಿದ್ದ ಮಕ್ಕಳು ಐವತ್ತಕ್ಕೂ ಕಡಿಮೆ, ಹಾಗಾಗಿ ಅಂಕಿಯನ್ನು ಮಂತ್ರದಂತೆ ಜಪಿಸಬೇಕಾಗಿಲ್ಲ. ಆದರೆ ಮೇಷ್ಟರು ತನ್ನನ್ನು ಮೊದಲೇ ತೂಗಿ ಪಕ್ಕಕ್ಕಿಟ್ಟಿದ್ದಾರೆ ಎಂದು ಅನುಮಾನಿಸುವ ಮಕ್ಕಳು ಕರ್ನಾಟಕದ ತರಗತಿಗಳಲ್ಲೂ ಇದ್ದಾರೆ. ಹಿಂದಿನ ಬೆಂಚು ತುಂಬುವುದು ಅವರಿಂದಲೇ.

ಮೇಷ್ಟರೊಬ್ಬರೇ ಓದುಗರಾದರೆ ಬರಹ ಪರೀಕ್ಷೆಯಾಗುತ್ತದೆ ಎಂದು ಮೊದಲು ಕಂಡುಕೊಂಡವರಲ್ಲಿ ಫ್ರಾನ್ಸಿನ ಹಳ್ಳಿ ಮೇಷ್ಟರು ಸೆಲೆಸ್ತೆನ್ ಫ್ರೆನೆ ಮುಖ್ಯರು. ಮೊದಲ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಗಾಯವಾಗಿದ್ದ ಅವರಿಗೆ ಬಹಳ ಹೊತ್ತು ಗಟ್ಟಿಯಾಗಿ ಮಾತಾಡಲು ಆಗುತ್ತಿರಲಿಲ್ಲ. 1920ರ ದಶಕದಲ್ಲಿ ಬಾರ್-ಸ್ಯೂರ್-ಲೂ ಎಂಬ ಹಳ್ಳಿಯ ತಮ್ಮ ತರಗತಿಗೆ ಪುಟ್ಟ ಅಚ್ಚಿನ ಯಂತ್ರ ತಂದರು. ಮಕ್ಕಳು ಕಂಡದ್ದು ಕೇಳಿದ್ದನ್ನು ಬರೆದು, ತಾವೇ ಮೊಳೆ ಜೋಡಿಸಿ ಅಚ್ಚು ಹಾಕಿ, ದೇಶದ ಇನ್ನೊಂದು ತುದಿಯಲ್ಲಿ ಬ್ರಿಟನಿಯ ಟ್ರೆಗಂಕ್ ಶಾಲೆಯ ಮಕ್ಕಳಿಗೆ ಅಂಚೆಯಲ್ಲಿ ಕಳಿಸಿದರು. ಅಲ್ಲಿಂದ ಸಮುದ್ರದ, ಮೀನುಗಾರರ ಕಥೆಗಳು ಬಂದವು. ಅಷ್ಟು ದೂರದ ಗೆಳೆಯನಿಗೆ ಅರ್ಥವಾಗಬೇಕಾದ್ದರಿಂದ ಇಲ್ಲಿಯ ಮಕ್ಕಳು ತಮ್ಮ ವಾಕ್ಯವನ್ನು ತಾವೇ ತಿದ್ದಿಕೊಂಡರು.

ಆ ಎಳೆ ಇಟಲಿಗೂ ಹೋಯಿತು. ಫ್ರೆನೆ ಮಾರ್ಗದ ಶಿಕ್ಷಕ ಮಾರಿಯೊ ಲೋದಿ 1963ರಲ್ಲಿ ಬೆಟ್ಟದ ಮೇಲಿನ ಬಾರ್ಬಿಯಾನಾ ಶಾಲೆಗೆ ಹೋಗಿಬಂದ ಮೇಲೆ ಎರಡು ಶಾಲೆಗಳ ಮಕ್ಕಳ ನಡುವೆ ಪತ್ರ ಓಡಾಡಿದವು. ಆ ಉತ್ತರಗಳನ್ನು ಎಲ್ಲರೂ ಕೂಡಿ ಬರೆಯುವ ಅಭ್ಯಾಸದಿಂದಲೇ, ಬಾರ್ಬಿಯಾನಾ ಶಾಲೆ ನಡೆಸುತ್ತಿದ್ದ ಪಾದ್ರಿ ಲೊರೆಂಜೊ ಮಿಲಾನಿಯ ಎಂಟು ಮಂದಿ ಹುಡುಗರು ‘ಶಿಕ್ಷಕಿಗೊಂದು ಪತ್ರ’ ಬರೆದರು. 1967ರಲ್ಲಿ ಪ್ರಕಟವಾಗಿ ಹಲವು ಭಾಷೆಗಳಿಗೆ ಹೋದ ಪುಸ್ತಕ ಅದು. ತಮ್ಮನ್ನು ಫೇಲು ಮಾಡಿ ಶಾಲೆಯಿಂದ ಹೊರಗಟ್ಟಿದವರಿಗೆ ಹುಡುಗರು ಬರೆದ ಷರಾ ಎಂದರೂ ಸರಿ. ಭಾರತದಲ್ಲಿ ಏಕಲವ್ಯ ಸಂಸ್ಥೆ 1985ರಲ್ಲಿ ಭೋಪಾಲದಿಂದ ಆರಂಭಿಸಿದ ‘ಚಕ್‌ಮಕ್’ ಹಿಂದಿ ಮಾಸಿಕ ಮಕ್ಕಳ ಸ್ವಂತ ಬರಹಕ್ಕೆಂದೇ ಪುಟಗಳನ್ನು ಮೀಸಲಿಟ್ಟಿದೆ. ಕರ್ನಾಟಕದ ಶಾಲೆಗಳ ಗೋಡೆ ಪತ್ರಿಕೆ, ಕೈಬರಹದ ಪತ್ರಿಕೆಗಳೂ ಇದೇ ಜಾತಿಯವು. ಆದರೆ ಇಲ್ಲೊಂದು ಕಾಯಿಲೆಯಿದೆ: ಗೋಡೆಗೆ ಏರುವುದು ತರಗತಿಯ ಮೊದಲ ಐದು ರ‍್ಯಾಂಕಿನವರ ಮುತ್ತಿನಂಥ ಅಕ್ಷರ, ಅದೂ ಯಾವುದೋ ಪುಸ್ತಕದಿಂದ ಇಳಿಸಿದ ಸುಭಾಷಿತ.

ಸಮಯವೆಲ್ಲಿದೆ ಎಂಬ ಆಕ್ಷೇಪ ಖಂಡಿತ ನ್ಯಾಯವಾದದ್ದು. ನಲವತ್ತು ಮಕ್ಕಳ ನಾಲ್ಕು ಸೆಕ್ಷನ್ ಇರುವ ಕನ್ನಡ ಶಿಕ್ಷಕಿ ಪುಸ್ತಕವೊಂದಕ್ಕೆ ಮೂರೇ ನಿಮಿಷ ಕೊಟ್ಟರೂ ಒಂದು ಸುತ್ತಿಗೆ ಎಂಟು ಗಂಟೆ ಬೇಕು. ನಡುವೆ ಬಿಸಿಯೂಟದ ಲೆಕ್ಕ, ಗಣತಿ, ಚುನಾವಣೆ ಡ್ಯೂಟಿ. ಇಂಗ್ಲೆಂಡಿನ ಅನುಭವ ಇಲ್ಲಿ ನೆನಪಿಗೆ ಬರಬೇಕು. ಅಲ್ಲಿ ಕಳೆದ ದಶಕದಲ್ಲಿ ಷರಾ ಬರೆಯುವುದೇ ಒಂದು ಪಿಡುಗಾಯಿತು. ಶಿಕ್ಷಕರು ಒಂದು ಬಣ್ಣದಲ್ಲಿ ಬರೆಯಬೇಕು, ಮಗು ಇನ್ನೊಂದು ಬಣ್ಣದಲ್ಲಿ ಉತ್ತರಿಸಬೇಕು, ಶಿಕ್ಷಕರು ಅದಕ್ಕೆ ಮತ್ತೆ ಬರೆಯಬೇಕು. ಎಲ್ಲವೂ ತಪಾಸಣೆಗೆ ಬರುವವರ ಕಣ್ಣಿಗೆ ಬೀಳಲೆಂದು. 2016ರಲ್ಲಿ ಸರ್ಕಾರ ನೇಮಿಸಿದ ತಂಡವೇ ಇದನ್ನು ಅನಗತ್ಯ ಹೊರೆ ಎಂದಿತು. ಅದೇ ವರ್ಷ ಬಂದ ಇನ್ನೊಂದು ಸಮೀಕ್ಷೆಯ ಪ್ರಕಾರ, ಶಿಕ್ಷಕರು ಇದಕ್ಕೆ ಸುರಿಯುವ ಗಂಟೆಗಳಿಗೆ ಹೋಲಿಸಿದರೆ ಲಿಖಿತ ಷರಾಗಳ ಬಗ್ಗೆ ಒಳ್ಳೆಯ ಸಂಶೋಧನೆ ತೀರಾ ಕಡಿಮೆ. ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯ ಜೊತೆ ಬಂದ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದ ಗತಿಯೂ ಹೆಚ್ಚು ಬೇರೆಯಲ್ಲ. ಮಗುವನ್ನು ಹತ್ತಿರದಿಂದ ನೋಡಲೆಂದು ಬಂದ ಏರ್ಪಾಡು ಎಫ್‌ಎ, ಎಸ್‌ಎ (ರೂಪಣಾತ್ಮಕ, ಸಂಕಲನಾತ್ಮಕ ಮೌಲ್ಯಮಾಪನ) ಎಂಬ ಕಾಲಂಗಳಾಗಿ, ದಾಖಲೆ ತುಂಬುವ ಕೆಲಸವಾಯಿತು. ಎಲ್ಲ ಪುಸ್ತಕಕ್ಕೂ ಷರಾ ಬರೆಯಬೇಕೆಂದು ಸುತ್ತೋಲೆ ಹೊರಡಿಸಿದರೆ ಮರುದಿನದಿಂದಲೇ ಸ್ಟಾಂಪು ತಯಾರಾಗುತ್ತದೆ.

ಆ ಕೆಲಸವನ್ನು ಯಂತ್ರಕ್ಕೇ ಕೊಟ್ಟುಬಿಟ್ಟರೆ? ಈ ಯೋಚನೆ ಹೊಸದೇನಲ್ಲ. 1966ರಲ್ಲಿ ಕಂಪ್ಯೂಟರ್ ಪ್ರಬಂಧಗಳಿಗೆ ಅಂಕ ಕೊಡುವ ಕಾಲ ಬಂತು ಎಂದು ಬರೆದು ಅದಕ್ಕೊಂದು ವ್ಯವಸ್ಥೆಯನ್ನೂ ಕಟ್ಟಿದವರು ಬೇರೆ ಯಾರೂ ಅಲ್ಲ, ಶಿಕ್ಷಕರ ಸ್ವಂತ ಮಾತಿಗೆ ಬಲವಿದೆ ಎಂದು ತೋರಿಸಿದ್ದ ಅದೇ ಎಲ್ಲಿಸ್ ಪೇಜ್. ಇವತ್ತಿನ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಕಾಗುಣಿತದ ತಪ್ಪು ಹುಡುಕುವುದರಲ್ಲಿ ಶಿಕ್ಷಕಿಗೆ ನೆರವಾಗಬಲ್ಲವು, ಅದನ್ನು ಬೇಡವೆನ್ನುವುದು ಹಟವಷ್ಟೇ. ಆದರೆ ‘ಹಾನೆ’ ಬರೆದ ಹುಡುಗ ಹೋದ ತಿಂಗಳು ‘ಎಸರು’ ಬರೆಯುತ್ತಿದ್ದ ಎಂಬುದು ಅವನ ಮೇಷ್ಟರಿಗೆ ಗೊತ್ತು. ತೇರಿನ ಗಾಲಿ ಮುರಿದಾಗ ಆ ಅಜ್ಜ ಯಾಕೆ ಅತ್ತ ಎಂದು ನಿಜವಾಗಿ ತಿಳಿಯಬೇಕೆನಿಸಿ ಕೇಳಬಲ್ಲವರೂ ಅವರೇ.

ಮಾಡಬಹುದಾದದ್ದು ಬಿ.ಎಡ್. ಕಾಲೇಜುಗಳಲ್ಲೇ ಇದೆ. ಶಿಕ್ಷಕರ ಶಿಕ್ಷಣ ಕುರಿತ ನ್ಯಾಯಮೂರ್ತಿ ವರ್ಮಾ ಆಯೋಗದ 2012ರ ವರದಿಯ ಬಳಿಕ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 2014ರ ನಿಯಮಗಳಲ್ಲಿ ಬಿ.ಎಡ್. ಅನ್ನು ಎರಡು ವರ್ಷಕ್ಕೆ ಏರಿಸಿ, ಅದರಲ್ಲಿ 20 ವಾರ ಶಾಲೆಯಲ್ಲೇ ಕಳೆಯಬೇಕೆಂದಿತು. ಪಠ್ಯಗಳ ಓದು ಮತ್ತು ಅವಲೋಕನಕ್ಕೆಂದೇ ಒಂದು ಕೋರ್ಸೂ ಆ ಚೌಕಟ್ಟಿಗೆ ಸೇರಿತು. ಆ ಕೋರ್ಸಿನ ಪಠ್ಯಗಳ ಸಾಲಿಗೆ ಮಕ್ಕಳ ನೋಟ್‌ಬುಕ್ ಸೇರಬಾರದೇಕೆ? ಇಂಟರ್ನ್‌ಶಿಪ್ಪಿಗೆ ಹೋದ ಪ್ರಶಿಕ್ಷಣಾರ್ಥಿ ಎಲ್ಲ ನಲವತ್ತನ್ನೂ ನೋಡುವುದು ಬೇಡ. ಐದು ಮಕ್ಕಳನ್ನು ಆರಿಸಿಕೊಂಡು, ಅಂಕ ಹಾಕದೆ, ವಾರಕ್ಕೊಂದು ಬರಹ ಓದಿ ಎರಡು ಸಾಲು ಉತ್ತರ ಬರೆಯಲಿ, ಮಗು ತಿರುಗಿ ಏನು ಬರೆಯಿತೆಂದು ನೋಡಲಿ. ಕಾಲೇಜಿಗೆ ಮರಳಿದ ಮೇಲೆ ಆ ಷರಾಗಳನ್ನು ಗೆಳೆಯರ ಮುಂದಿಟ್ಟು, ಇವುಗಳಲ್ಲಿ ಯಾವುದನ್ನು ಬೇರೆ ಮಗುವಿನ ಪುಸ್ತಕಕ್ಕೂ ಅಂಟಿಸಬಹುದಿತ್ತು ಎಂದು ಚರ್ಚಿಸಲಿ. ಪಾಠಯೋಜನೆಯ ಫೈಲುಗಳಿಗೆ ಬಣ್ಣದ ಹೊದಿಕೆ ಹಾಕಿಸಿ, ಸ್ಕೆಚ್ ಪೆನ್ನಿನಲ್ಲಿ ಬಾರ್ಡರ್ ಬರೆಸುವುದರಲ್ಲಿ ಕಳೆಯುವ ವೇಳೆಯಲ್ಲಿ ಅರ್ಧ ಸಾಕು. ಇದಕ್ಕೆ ಹೊಸ ಅನುದಾನವಾಗಲಿ ಸರ್ಕಾರದ ಆದೇಶವಾಗಲಿ ಬೇಕಿಲ್ಲ. ಬರುವ ಇಂಟರ್ನ್‌ಶಿಪ್ಪಿನಿಂದಲೇ ಕಾಲೇಜುಗಳು ಇದನ್ನು ಆರಂಭಿಸಲಿ.